ಗರ್ಭಿಣಿಯ ರಕ್ತದಲ್ಲಿ ಸುಳಿವು: ಆರ್‌ಎಚ್ ಮತ್ತು ಕೂಂಬ್ಸ್ ಪರೀಕ್ಷೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣವಾಗಲಿ, ಬೆಂಗಳೂರಾಗಲಿ, ಗರ್ಭಿಣಿಗೆ ಕೊಡುವ ತಾಯಿ ಕಾರ್ಡ್‌ನಲ್ಲಿ ರಕ್ತದ ಗುಂಪು ಬರೆದಿರುತ್ತಾರೆ. ಅಲ್ಲಿ ‘ನೆಗೆಟಿವ್’ ಎಂದಿದ್ದರೆ ಎಚ್ಚರ ಬೇಕು. ತಾಯಿ ಆರ್‌ಎಚ್ ನೆಗೆಟಿವ್ (ಕೆಂಪು ರಕ್ತಕಣದ ಮೇಲೆ ಆರ್‌ಎಚ್ ಅಂಶ ಇಲ್ಲದವಳು), ಮಗು ಪಾಸಿಟಿವ್ ಆದಾಗ, ಸಾಮಾನ್ಯವಾಗಿ ಹೆರಿಗೆ ವೇಳೆ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿ, ಆಕೆಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಚೊಚ್ಚಲ ಮಗು ಬಹುತೇಕ ಪಾರಾಗುತ್ತದೆ. ಪೆಟ್ಟು ಬೀಳುವುದು ಮುಂದಿನದಕ್ಕೆ. ಐಜಿಜಿ ಎಂಬ ಬಗೆಯ ಪ್ರತಿಕಾಯ ಜರಾಯು ದಾಟುತ್ತದೆ, ಐಜಿಎಂ ಎಂಬ ಬಗೆ ದಾಟದು. ಇದನ್ನು ಗುರುತು ಹಾಕಿಕೊಳ್ಳಿ. ದಾಟಿದ ಪ್ರತಿಕಾಯದಿಂದ ಮಗುವಿನ ಕೆಂಪು ರಕ್ತಕಣ ಒಡೆದು ರಕ್ತಹೀನತೆ, ಕಾಮಾಲೆ ಬರುತ್ತವೆ. ಇದೇ ಎರಿತ್ರೋಬ್ಲಾಸ್ಟೋಸಿಸ್ ಫೀಟಾಲಿಸ್.

ತಾಯಿಯ ರಕ್ತದಲ್ಲಿ ಈ ಪ್ರತಿಕಾಯವನ್ನು ಪತ್ತೆಹಚ್ಚುವುದು ಪರೋಕ್ಷ ಕೂಂಬ್ಸ್ ಪರೀಕ್ಷೆ (1945). ಶಿಶುವಿನ ರಕ್ತಕಣಕ್ಕೆ ಅಂಟಿದ್ದನ್ನು ತೋರಿಸುವುದು ನೇರ ಪರೀಕ್ಷೆ. ಉತ್ತರಪತ್ರಿಕೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದು ಸುಲಭ. ಪ್ರತಿಕಾಯ ಇನ್ನೂ ಹುಟ್ಟಿರದಿದ್ದರೆ 28ನೇ ವಾರದಲ್ಲಿ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ, ಅದು ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ.

ಪದೇಪದೇ ಗರ್ಭಪಾತವಾದರೆ ನೋಡುವ ಸೂಚಕಗಳೇ ಬೇರೆ: ಲೂಪಸ್ ಆಂಟಿಕೋಆಗ್ಯುಲಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್-1 ವಿರುದ್ಧದ ಪ್ರತಿಕಾಯ. ಒಮ್ಮೆ ಕಂಡರೆ ಸಾಲದು. ಕನಿಷ್ಠ 12 ವಾರ ಬಿಟ್ಟು ಮತ್ತೆ ಕಂಡರಷ್ಟೇ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎನ್ನುತ್ತಾರೆ.