ಕೇಳಿ ಹಂಚಿಕೊಳ್ಳೋಣ

ಮಕ್ಕಳೇ, ಒಂದು ಹೋಳಿಗೆಯನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಅರ್ಧ ಸಿಗುತ್ತದೆ. ಆದರೆ ಕಂಪ್ಯೂಟರಿನಲ್ಲಿರುವ ಪಾಠವನ್ನು ನೂರು ಜನರಿಗೆ ಕಳುಹಿಸಿದರೂ ನಿಮ್ಮ ಪಾಠ ಕಡಿಮೆಯಾಗುವುದಿಲ್ಲ. ಕಂಪ್ಯೂಟರಿನಲ್ಲಿ ಕೂಡಿಟ್ಟ ಬರಹ, ಚಿತ್ರ, ಹಾಡುಗಳಿಗೆ ಫೈಲು ಎನ್ನುತ್ತಾರೆ. ಅಂತರಜಾಲದಲ್ಲಿ ಫೈಲು ಹಂಚುವುದೆಂದರೆ ಅದರ ಇನ್ನೊಂದು ಪ್ರತಿ ಮಾಡಿ ಕೊಡುವುದು.

ಪ್ರತಿ ಮಾಡುವ ಕೆಲಸಕ್ಕೂ ಗೋವಾಕ್ಕೂ ಹಳೆಯ ನಂಟು ಇದೆ. ಭಾರತಕ್ಕೆ ಮೊದಲ ಮುದ್ರಣ ಯಂತ್ರ ಬಂದದ್ದು 1556ರಲ್ಲಿ, ಗೋವಾಕ್ಕೆ. ಅಲ್ಲಿಯವರೆಗೆ ಇಲ್ಲಿ ಪುಸ್ತಕದ ಇನ್ನೊಂದು ಪ್ರತಿ ಬೇಕಾದರೆ ಕೈಯಿಂದಲೇ ಬರೆಯಬೇಕಿತ್ತು. ಪಣಜಿಯ ಕೃಷ್ಣದಾಸ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯವು 1832ರಲ್ಲಿ ಆರಂಭವಾಯಿತು. ಅಲ್ಲಿನ ಹಳೆಯ ಪುಸ್ತಕ, ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಫೈಲುಗಳಾಗಿ ಉಳಿಸುವ ಕೆಲಸ ನಡೆದಿದೆ. ಹಾಳೆ ಪುಡಿಯಾದರೂ ಅದರಲ್ಲಿದ್ದ ವಿಷಯ ಉಳಿಯುತ್ತದೆ. 2020ರಲ್ಲಿ ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದಾಗ ಶಿಕ್ಷಕರು ಮೊಬೈಲಿನ ಮೂಲಕ ಮಕ್ಕಳಿಗೆ ಪಾಠ ಕಳುಹಿಸಿದರು.

ಹಾಗಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಹಂಚಬಹುದೇ? ಇಲ್ಲ. ಕಥೆ ಬರೆದವರಿಗೆ, ಹಾಡು ಕಟ್ಟಿದವರಿಗೆ, ಚಲನಚಿತ್ರ ತಯಾರಿಸಿದವರಿಗೆ ತಮ್ಮ ಕೃತಿಯ ಮೇಲೆ ಹಕ್ಕು ಇರುತ್ತದೆ. ಇದೇ ಕೃತಿಸ್ವಾಮ್ಯ. ನಮ್ಮ ದೇಶದಲ್ಲಿ ಇದಕ್ಕಾಗಿ 1957ರ ಕಾಯಿದೆ ಇದೆ. ಲೇಖಕರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷಗಳವರೆಗೂ ಈ ಹಕ್ಕು ಉಳಿಯುತ್ತದೆ.

ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. ಅವರ ಶಿಶುಗೀತೆಗಳನ್ನು ಈಗ ಯಾರು ಬೇಕಾದರೂ ಹಂಚಬಹುದು. ಕುವೆಂಪು ಅವರು 1994ರಲ್ಲಿ ತೀರಿಕೊಂಡರು. ಆದ್ದರಿಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ತರಗತಿಯಲ್ಲಿ ಅದನ್ನು ಓದಿ ಕಲಿಯಲು ಅಡ್ಡಿಯಿಲ್ಲ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಊರಿಗೆಲ್ಲ ಕಳುಹಿಸಲು ಮಾತ್ರ ಅನುಮತಿ ಬೇಕು.

ಅನುಮತಿ ಏಕೆ ಬೇಕು? ಕೊಂಕಣಿ ಚಲನಚಿತ್ರವನ್ನೇ ನೋಡಿರಿ. ಹಿಂದಿಗೆ ಹೋಲಿಸಿದರೆ ಅದರ ಪ್ರೇಕ್ಷಕರು ಕಡಿಮೆ. ಕದ್ದ ಪ್ರತಿ ಎಲ್ಲೆಡೆ ಹರಡಿದರೆ ಟಿಕೆಟು ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ನಟರು, ಗಾಯಕರು, ದೀಪ ಹಿಡಿದವರು ದುಡಿದದ್ದು ವ್ಯರ್ಥವಾಗುತ್ತದೆ. ಮುಂದಿನ ಚಿತ್ರ ತಯಾರಿಸುವುದೇ ಕಷ್ಟವಾಗುತ್ತದೆ. ತಿಳಿದೂ ಹೀಗೆ ಮಾಡುವವರಿಗೆ ಈ ಕಾಯಿದೆಯಂತೆ 3 ವರ್ಷಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ನೀವು ಬಿಡಿಸಿದ ಚಿತ್ರ, ಬರೆದ ಕವಿತೆಯ ಮೇಲೆ ನಿಮಗೂ ಇದೇ ಹಕ್ಕು ಇದೆ. ಅವನ್ನು ನಿಮ್ಮ ಗೆಳೆಯರಿಗೆ ಸಂತೋಷದಿಂದ ಕಳುಹಿಸಿರಿ. ಬೇರೆಯವರದನ್ನು ಕಳುಹಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿರಿ: ಇದು ಯಾರದು? ಹಂಚಲು ಅವರ ಒಪ್ಪಿಗೆ ಇದೆಯೇ?

ಅಭ್ಯಾಸ
1. ಕೃತಿಸ್ವಾಮ್ಯ ಎಂದರೇನು?
2. ಫೈಲು ಹಂಚುವುದರಿಂದ ಆಗುವ ಎರಡು ಲಾಭಗಳನ್ನು ಬರೆಯಿರಿ.
3. ನಿಮ್ಮ ಕವಿತೆಯನ್ನು ಬೇರೊಬ್ಬರು ತಮ್ಮ ಹೆಸರಿನಲ್ಲಿ ಹಂಚಿದರೆ ನಿಮಗೆ ಏನನಿಸುತ್ತದೆ? ಚರ್ಚಿಸಿರಿ.