ಆಪ್ಟಿಮೈಸ್ ಮಾಡಿದ ಮೇಲೆ ಕೆಟ್ಟ ಪ್ರೋಗ್ರಾಮ್

ಸಿ ಭಾಷೆಯಲ್ಲಿ ದುಡಿಯುವವರ ನಡುವೆ ಒಂದು ದೂರು ಆಗಾಗ ಕೇಳಿಬರುತ್ತದೆ: ಆಪ್ಟಿಮೈಸೇಶನ್ ಇಲ್ಲದ ಓ0 ಹಂತದಲ್ಲಿ ಸರಿಯಾಗಿ ಓಡುವ ಪ್ರೋಗ್ರಾಮ್, ಆಪ್ಟಿಮೈಸ್ ಮಾಡುವ ಓ2 ಹಂತ ಹಾಕಿದೊಡನೆ ಕೆಡುತ್ತದೆ, ಹಾಗಾಗಿ ತಪ್ಪು ಕಂಪೈಲರ್‌ನದು. ಈ ಕಸುಬು ನನಗೆ ಕಲಿಸಿದ್ದು ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾದದ್ದು. ತಪ್ಪು ಬಹುಪಾಲು ಮೊದಲೇ ಇರುತ್ತದೆ. ಓ0 ಅದನ್ನು ಮುಚ್ಚಿಟ್ಟಿರುತ್ತದೆ. ಆಪ್ಟಿಮೈಸೇಶನ್ ಇಲ್ಲದಾಗ ಪ್ರತಿ ವೇರಿಯಬಲ್‌ಗೂ ಸ್ಟಾಕ್‌ನಲ್ಲಿ ಒಂದು ಜಾಗ ಸಿಗುತ್ತದೆ, ಪ್ರತಿ ಸಾಲಿನ ಫಲಿತಾಂಶ ಅಲ್ಲಿಗೆ ಹೋಗಿ ಕೂರುತ್ತದೆ. ಆರಂಭದ ಬೆಲೆ ಕೊಡದ ವೇರಿಯಬಲ್‌ನಲ್ಲಿ ಅದೃಷ್ಟಕ್ಕೆ ಸೊನ್ನೆಯೇ ಇದ್ದರೆ ಎಲ್ಲವೂ ಸುಸೂತ್ರ. ಓ2ನಲ್ಲಿ ಬೆಲೆಗಳು ರಿಜಿಸ್ಟರ್‌ಗಳಲ್ಲಿ ಓಡಾಡುತ್ತವೆ, ಸಣ್ಣ ಫಂಕ್ಷನ್‌ಗಳು ಕರೆದವರೊಳಗೇ ಕರಗುತ್ತವೆ, ಸಾಲುಗಳ ಕ್ರಮ ಬದಲಾಗುತ್ತದೆ. ಡಿಬಗರ್‌ನಲ್ಲಿ ಹೆಜ್ಜೆ ಹಾಕಿದರೆ ಹಿಂದಕ್ಕೂ ಮುಂದಕ್ಕೂ ಜಿಗಿಯುವುದು ಇದರಿಂದಲೇ. ವೇರಿಯಬಲ್ 'ಆಪ್ಟಿಮೈಸ್ಡ್ ಔಟ್' ಎಂದು ಜಿಡಿಬಿ ಡಿಬಗರ್ ಹೇಳಿದರೆ ಸಿಟ್ಟು ಬರುವುದು ಸಹಜ; ಆದರೆ ಸಾಮಾನ್ಯವಾಗಿ ಆ ಗಳಿಗೆಯಲ್ಲಿ ಆ ಬೆಲೆ ಎಲ್ಲೂ ಉಳಿದಿರುವುದಿಲ್ಲ.

2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಸಿಕ್ಕ ದೋಷ, ತಪ್ಪು ಮೊದಲೇ ಇರುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿನ ಒಂದು ಫಂಕ್ಷನ್ ಮೊದಲು ಪಾಯಿಂಟರ್ ಮೂಲಕ ಒಂದು ಬೆಲೆಯನ್ನು ಓದಿ, ಆಮೇಲೆ ಆ ಪಾಯಿಂಟರ್ ನಲ್ ಆಗಿದೆಯೇ ಎಂದು ನೋಡುತ್ತಿತ್ತು. ಜಿಸಿಸಿ ಕಂಪೈಲರ್ ಹಾಕಿದ ಲೆಕ್ಕ ಇಷ್ಟೇ: ಈಗಾಗಲೇ ಬಳಸಿದ ಪಾಯಿಂಟರ್ ನಲ್ ಆಗಿರಲು ಸಾಧ್ಯವಿಲ್ಲ, ಹಾಗಾಗಿ ತಪಾಸಣೆ ಬೇಡ. ಅದನ್ನು ಅಳಿಸಿಬಿಟ್ಟಿತು. ಸೋರ್ಸ್ ಓದಿದವರ ಕಣ್ಣಿಗೆ ತಪಾಸಣೆ ಕಾಣುತ್ತದೆ, ಓಡುವ ಕೋಡ್‌ನಲ್ಲಿ ಅದಿಲ್ಲ. ದಾಳಿಕೋರರಿಗೆ ಆ ಅಂತರವೇ ದಾರಿಯಾಯಿತು.

ಬರೆದ ತಪಾಸಣೆಯನ್ನು ಅಳಿಸಲು ಕಂಪೈಲರ್‌ಗೇನು ಹಕ್ಕು ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಇಂಥ ಅಳಿಸುವಿಕೆಯನ್ನು ತಡೆಯುವ ಆಯ್ಕೆಯನ್ನು ಕರ್ನಲ್‌ನವರೇ ತಮ್ಮ ಬಿಲ್ಡ್‌ಗೆ ಸೇರಿಸಿಕೊಂಡರು. ಆದರೂ ನಲ್ ಪಾಯಿಂಟರ್ ಬಳಸಿದ ಮೇಲೆ ಸಿ ಭಾಷೆಯ ಮಾನದಂಡ ಯಾವ ಭರವಸೆಯನ್ನೂ ಕೊಡುವುದಿಲ್ಲ, ತಪಾಸಣೆ ಒಂದು ಸಾಲು ಮೇಲಿದ್ದಿದ್ದರೆ ಅಳಿಸಲು ಕಾರಣವೇ ಇರುತ್ತಿರಲಿಲ್ಲ. ಕಂಪೈಲರ್‌ನಲ್ಲೂ ದೋಷಗಳಿರುತ್ತವೆ, ನಿಜ. ಆದರೆ ಅನುಮಾನವನ್ನು ಅಲ್ಲಿಂದ ಶುರುಮಾಡಿದವರು ತಮ್ಮ ಕೋಡನ್ನು ಕೊನೆಗೆ ನೋಡುತ್ತಾರೆ. ಓ2ನಲ್ಲಿ ಡಿಬಗ್ ಮಾಡುವುದು ಕಷ್ಟ, ಓ0ಗೆ ಇಳಿದು ಹುಡುಕಿದರೆ ಸಾಲದೇ ಎನ್ನುವವರೂ ಇದ್ದಾರೆ. ತರ್ಕದ ತಪ್ಪಾದರೆ ಸಾಕು. 2013ರಿಂದ ಜಿಸಿಸಿಯಲ್ಲಿರುವ ಓಜಿ ಹಂತ ಆ ಕೆಲಸಕ್ಕೆ ಇನ್ನೂ ಹಿತ. ಓ2ನಲ್ಲಿ ಮಾತ್ರ ತಲೆಯೆತ್ತುವ ದೋಷವಾದರೆ ಹಂತ ಇಳಿಸಿದೊಡನೆ ಅದು ಕಣ್ಮರೆಯಾಗುತ್ತದೆ, ಹುಡುಕಲು ಏನೂ ಉಳಿಯುವುದಿಲ್ಲ. ನಡುವೆ ಒಂದು ಪ್ರಿಂಟ್ಎಫ್ ತುರುಕಿದರೂ ಹಾಗೆ ಆಗುವುದುಂಟು.

ಹಾಗಾಗಿ ಇಂಥ ದೋಷವನ್ನು ಓ2ನಲ್ಲೇ ಹುಡುಕಬೇಕು; ಜಿಸಿಸಿಯಲ್ಲಿ ಓ2 ಮತ್ತು ಡಿಬಗ್ ಮಾಹಿತಿ ಎರಡನ್ನೂ ಒಟ್ಟಿಗೇ ಕೇಳಬಹುದು. ಗ್ರಾಹಕರ ಕೈಗೆ ಕೊಡುವ ಬಿಲ್ಡನ್ನು ಹಾಗೆಯೇ ಕಟ್ಟಿ, ಡಿಬಗ್ ಮಾಹಿತಿಯನ್ನು ಬೇರೆ ಫೈಲ್‌ನಲ್ಲಿ ಕಾಪಿಡಿ. ಪರೀಕ್ಷೆಯ ಬಿಲ್ಡ್‌ಗೆ ಓಡುವಾಗಲೇ ಇಂಥ ತಪ್ಪುಗಳನ್ನು ಹಿಡಿಯುವ ಸ್ಯಾನಿಟೈಸರ್‌ಗಳನ್ನು ಹಚ್ಚಿ.