ಮುದಿ ನಾಯಿಗೆ ಮೊದಲು ನೆಲ ಸರಿಮಾಡಿ

ಗೇಟಿನ ಸದ್ದಿಗೆ ಓಡಿ ಬರುತ್ತಿದ್ದ ನಾಯಿ ಈಗ ಮಲಗಿದಲ್ಲಿಂದಲೇ ಬಾಲ ಆಡಿಸುತ್ತದೆ. ಏಳುವಾಗ ಮುಂಗಾಲೂರಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ‘ವಯಸ್ಸಾಯ್ತಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಹೀಗೆ ನಿಧಾನವಾದ ನಾಯಿಗೆ ಬಹಳ ಸಲ ಸಂಧಿವಾತದ ಕೀಲುನೋವು ಇರುತ್ತದೆ. ನಾಯಿ ಅದನ್ನು ಕುಂಯ್‌ಗುಟ್ಟಿ ಹೇಳುವುದಿಲ್ಲ. ಒಂದೇ ಕೀಲನ್ನು ಸದಾ ನೆಕ್ಕುವುದು, ಮೆಟ್ಟಿಲ ಬುಡದಲ್ಲಿ ನಿಂತುಬಿಡುವುದು, ಸೊಂಟ ಮುಟ್ಟಿದರೆ ಗುರ್ ಎನ್ನುವುದು ಇದರ ಗುರುತು. ಲ್ಯಾಬ್ರಡಾರ್‌, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ 7–8 ವರ್ಷಕ್ಕೇ ಇದು ಕಾಣಿಸಬಹುದು.

ಮೊದಲ ಕೆಲಸ ನೆಲದ್ದು. ಟೈಲ್ಸ್, ಗ್ರಾನೈಟ್ ಮೇಲೆ ನಾಯಿಯ ಪಾದಕ್ಕೆ ಹಿಡಿತವೇ ಸಿಗದು. ಜಾರುವ ಭಯಕ್ಕೆ ಮೈ ಬಿಗಿಹಿಡಿದು ನಡೆಯುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹೊರಬಾಗಿಲಿಗೆ ಮ್ಯಾಟಿನ ದಾರಿ ಮಾಡಿ. ತಳಕ್ಕೆ ರಬ್ಬರ್ ಇರುವ ಕಾಲೊರಸು, ಹಳೆಯ ಯೋಗ ಮ್ಯಾಟು ಸಾಕು. ಬರೀ ಗೋಣಿಚೀಲ ಹಾಸಿದರೆ ಅದೇ ಜಾರುತ್ತದೆ. ಅಂಚಿಗೆ ಟೇಪು ಅಂಟಿಸಿ. ನಮ್ಮ 13 ವರ್ಷದ ಕರಿಯ ಅಡುಗೆಮನೆಯ ಕಡೆ ಬರುವುದನ್ನೇ ಬಿಟ್ಟಿದ್ದ. ಮ್ಯಾಟು ಹಾಸಿದ ಸಂಜೆಯೇ ದೋಸೆ ಹಂಚಿನ ಸದ್ದಿಗೆ ಬಂದು ನಿಂತ. ಅಷ್ಟು ತಿಂಗಳು ಅವನನ್ನು ತಡೆದದ್ದು ನಮ್ಮ ಟೈಲ್ಸು ಎಂದು ಆಗ ತಿಳಿಯಿತು. ಇಂದಿಗೂ ಅದು ನನಗೆ ಸಂಕಟದ ನೆನಪು.

ಹಿಡಿತ ಸಿಗಲು ಉಗುರನ್ನೂ ನೋಡಿ. ನಡೆದಾಗ ಉಗುರು ಟಕಟಕ ಎಂದರೆ ಅದು ಉದ್ದವಾಗಿದೆ ಎಂದರ್ಥ. ಕರಿ ಉಗುರಿನಲ್ಲಿ ಒಳಗಿನ ರಕ್ತನಾಳ ಕಾಣದು, ತುದಿಯನ್ನಷ್ಟೇ ಚೂರುಚೂರೇ ಕತ್ತರಿಸಿ. ಬೆರಳುಗಳ ನಡುವಿನ ಕೂದಲನ್ನೂ ಚಿಕ್ಕದು ಮಾಡಿ.

ಹಾಸಿಗೆ ಎಷ್ಟು ದಪ್ಪವಿರಬೇಕು? ಅಂಗೈಯಿಂದ ಒತ್ತಿದರೆ ನೆಲ ತಾಗಬಾರದು. ಮುಧೋಳ ತಳಿಯಂಥ ಸಪೂರ ಮೈಯ ನಾಯಿಗೆ ಗಟ್ಟಿ ನೆಲದಲ್ಲಿ ಮೊಣಕೈ ಮೂಳೆ ಒತ್ತಿ ಚರ್ಮ ದಪ್ಪಗಟ್ಟುತ್ತದೆ, ಕೊನೆಗೆ ಹುಣ್ಣಾಗುತ್ತದೆ. ಮಳೆ, ಚಳಿ ದಿನಗಳಲ್ಲಿ ಹಾಸಿಗೆ ಗೋಡೆಯ ತೇವಕ್ಕೆ ತಾಗದಿರಲಿ.

ಪಕ್ಕೆಲುಬು ಬೆರಳಿಗೆ ಸಿಗದಿದ್ದರೆ ತೂಕ ಇಳಿಸಲೇಬೇಕು. ಚಹಾದ ಜೊತೆಗಿನ ಬಿಸ್ಕತ್ತು ಇಂದೇ ನಿಲ್ಲಲಿ.

ನಡಿಗೆ ನಿಲ್ಲಿಸಬೇಡಿ, ಸ್ನಾಯು ಸೊರಗುತ್ತದೆ. ಒಂದೇ ಸಲ ದೂರ ಹೋಗುವ ಬದಲು ದಿನಕ್ಕೆ ಮೂರು ಸಲ 10 ನಿಮಿಷದಷ್ಟು ನಡೆಸಿ, ಡಾಂಬರು ಕಾದಿರದ ಹೊತ್ತಿನಲ್ಲಿ. ಮೆಟ್ಟಿಲಿದ್ದಲ್ಲಿ ಅಗಲ ಟವೆಲನ್ನು ಹಿಂಗಾಲುಗಳ ಮುಂದೆ ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಹಿಡಿದು ಭಾರ ಹಗುರ ಮಾಡಿ. ಗಂಡು ನಾಯಿಯಾದರೆ ಮೂತ್ರದ ಜಾಗ ಒತ್ತದಂತೆ ನೋಡಿಕೊಳ್ಳಿ.

ಕೈಮುಗಿದು ಕೇಳುತ್ತೇನೆ, ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್‌, ಡೈಕ್ಲೊಫೆನಾಕ್‌ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್‌ನಿಂದ ಯಕೃತ್ತಿಗೆ ಅಪಾಯ. ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ, ತೂಕಕ್ಕೆ ತಕ್ಕಂತೆ ಮೆಲಾಕ್ಸಿಕ್ಯಾಮ್‌ನಂಥ ಔಷಧ ಬರೆಯುತ್ತಾರೆ. ಮನೆಯಲ್ಲಿ ನಾಯಿ ಏಳುವ, ನಡೆಯುವ ವಿಡಿಯೊ ಮೊಬೈಲಿನಲ್ಲಿರಲಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ಕುಂಟುವುದನ್ನೇ ಮರೆಯುತ್ತದೆ. ಕುಂಟುವುದರ ಜೊತೆ ಜ್ವರವಿದ್ದರೆ, ಊಟ ಬಿಟ್ಟಿದ್ದರೆ ಉಣ್ಣೆ ಜ್ವರವೇ ಎಂದು ಕೇಳಿ, ಅದಕ್ಕೆ ಚಿಕಿತ್ಸೆಯೇ ಬೇರೆ. ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ, ಮೂತ್ರ ಕಟ್ಟಿದರೆ ನಾಳೆಗೆ ಬಿಡದೆ ಆಗಲೇ ಕರೆದೊಯ್ಯಿರಿ.